ಹಳೇ ಯುವಿ ಮಿಷನ್‌ನಲ್ಲೇ ಗಸಗಸೆಯ ಥೀಬೇನ್ ಹಿಡಿದೆ

"ಎಲ್‌ಸಿ-ಎಂಎಸ್ ಇಲ್ಲದೆ ಗಸಗಸೆಯಲ್ಲಿ ಥೀಬೇನ್ ನೋಡ್ತೀಯೇನಮ್ಮಾ? ಸುಮ್ನೆ ಕಾಲಮ್ ಹಾಳು ಮಾಡ್ಬೇಡ."

ನಮ್ಮ ಲ್ಯಾಬಿನ ಸೀನಿಯರ್ ಒಬ್ಬರು ಎರಡು ವರ್ಷದ ಹಿಂದೆ ಟೀ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದ ಮಾತು ಇದು. ಥೀಬೇನ್ ಎಂದರೆ ಅಫೀಮಿನಲ್ಲಿರುವ ಒಂದು ವಿಷ, ಎಲ್‌ಸಿ-ಎಂಎಸ್ ಎಂದರೆ ಅಣುವಿನ ತೂಕ ನೋಡಿ ವಸ್ತು ಗುರುತಿಸುವ ದುಬಾರಿ ಮಿಷನ್, ಕಾಲಮ್ ಎಂದರೆ ಬೆರೆತ ವಸ್ತುಗಳನ್ನು ಬೇರ್ಪಡಿಸುವ ಕೊಳವೆ. ಕಾಲಮ್ ಹಾಳಾದದ್ದು ನಿಜ. ಒಂದಲ್ಲ, ಎರಡು. ಆದರೆ ಈಗ ನಮ್ಮ ಹದಿನಾಲ್ಕು ವರ್ಷದ ಹಳೇ ಎಚ್‌ಪಿಎಲ್‌ಸಿಯಲ್ಲಿ, ಅಂದರೆ ಕಾಲಮ್‌ನಲ್ಲಿ ಬೇರ್ಪಟ್ಟದ್ದನ್ನು ಯುವಿ ಬೆಳಕಿನಲ್ಲಿ ನೋಡುವ ಮಿಷನ್‌ನಲ್ಲಿ, ವಾರಕ್ಕೆ ಮೂರು ನಾಲ್ಕು ಸ್ಯಾಂಪಲ್ ಓಡುತ್ತಿದೆ, ರಿಪೋರ್ಟ್ ಮೇಲೆ ಸಹಿ ಹಾಕುವವರೂ ಅವರೇ. ಆದ್ದರಿಂದ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದ್ದರೆ ಸಹಿಸಿಕೊಳ್ಳಿ.

ಥೀಬೇನ್ ನನಗೆ ಹೊಸದಲ್ಲ. ಆಹಾರದ ಲ್ಯಾಬಿಗೆ ಬರುವ ಮೊದಲು ನಾನು ಆರು ವರ್ಷ ಒಂದು ಔಷಧ ಕಂಪನಿಯ ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೆ. ಅಲ್ಲಿ ಅದು ಡ್ರಮ್ಮಿನಲ್ಲಿ, ಬೀಗದೊಳಗೆ, ಎರಡು ರಿಜಿಸ್ಟರ್ ಮತ್ತು ಮೂರು ಸಹಿಯ ಹಿಂದೆ ಇರುತ್ತಿತ್ತು. ಅಫೀಮಿನಲ್ಲಿ ಮಾರ್ಫೀನ್, ಕೋಡೀನ್‌ಗೆ ಇರುವ ಹೆಸರು ಇದಕ್ಕಿಲ್ಲ. ನೋವು ತಗ್ಗಿಸಲು ಇದನ್ನು ಯಾರೂ ಕೊಡುವುದಿಲ್ಲ, ಕೊಟ್ಟರೆ ಸ್ಟ್ರಿಕ್ನೀನ್ ಕೊಟ್ಟ ಹಾಗೆ ಮೈ ಸೆಟೆದು ಸೆಳೆತ ಬರುತ್ತದೆ. ಆದರೆ ಔಷಧ ಮಾಡುವವರಿಗೆ ಇದೇ ಚಿನ್ನ. 1916ರಲ್ಲಿ ಜರ್ಮನಿಯ ಫ್ರಾಯಿಂಡ್ ಮತ್ತು ಸ್ಪೈಯರ್ ಇದರಿಂದಲೇ ಆಕ್ಸಿಕೊಡೋನ್ ಮಾಡಿದರು. ಅಫೀಮಿನ ಮದ್ದು ಜಾಸ್ತಿಯಾಗಿ ಉಸಿರು ನಿಂತವನನ್ನು ಎಬ್ಬಿಸುವ ನಲಾಕ್ಸೋನ್, ಚಟ ಬಿಡಿಸಲು ನಾಲಗೆ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್, ಕುಡಿತ ಬಿಡಿಸಲು ಕೊಡುವ ನಾಲ್ಟ್ರೆಕ್ಸೋನ್, ಆನೆಗೆ ಡಾರ್ಟ್ ಹೊಡೆದು ಮಲಗಿಸುವ ಎಟಾರ್ಫಿನ್, ಎಲ್ಲದರ ತಾಯಿಬೇರು ಇದೇ. ಒಂದೇ ವಿಷದಿಂದ ಮಲಗಿಸುವುದೂ ಬರುತ್ತದೆ, ಎಬ್ಬಿಸುವುದೂ ಬರುತ್ತದೆ. ನಾನು ಆ ಕಂಪನಿಯಲ್ಲಿ ನೋಡುತ್ತಿದ್ದದ್ದು ಮುಗಿದ ಔಷಧದಲ್ಲಿ ಥೀಬೇನ್ ಎಷ್ಟು ಉಳಿದಿದೆ ಎಂದು. ಅಲ್ಲಿ ಕಲಿತ ಒಂದು ವಿಷಯ ಇಲ್ಲಿ ನನ್ನನ್ನು ಕಾಪಾಡಿತು, ಅದು ಆಮೇಲೆ.

ಗಸಗಸೆಗೆ ಹೇಗೆ ಬಂದೆ? ಮಸಾಲೆ ವ್ಯಾಪಾರಿಯೊಬ್ಬರು ಯುರೋಪಿಗೆ ಕಳಿಸುವ ಮಾಲಿಗೆ ಮಾರ್ಫೀನ್ ರಿಪೋರ್ಟ್ ಕೇಳಿಕೊಂಡು ಬರುತ್ತಿದ್ದರು. ಅಲ್ಲಿ 2022ರ ಜುಲೈಯಿಂದ ಮಾರ್ಫೀನ್ ಜೊತೆಗೆ ಕೋಡೀನ್‌ನ ಐದನೇ ಒಂದು ಪಾಲು ಸೇರಿಸಿ ಕೆಜಿಗೆ 20 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ. ಥೀಬೇನ್‌ಗೆ ಆ ಪಟ್ಟಿಯಲ್ಲಿ ಮಿತಿಯೇ ಇಲ್ಲ. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ, ನಾವೂ ನೋಡುತ್ತಿರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಅಂಗಡಿಗಳಿಂದ ಗಸಗಸೆ ವಾಪಸ್ ತರಿಸಿದರು. ತಿನ್ನಲು ಅಲ್ಲದ ಬೀಜ ಅಡುಗೆಮನೆಯ ಮಾಲಿನೊಳಗೆ ಸೇರಿಬಿಟ್ಟಿತ್ತು, ಅದರಲ್ಲಿ ಥೀಬೇನ್ ತುಂಬಾ ಇತ್ತು, ಜನ ಸ್ನಾಯು ಸೆಳೆತದಿಂದ ಆಸ್ಪತ್ರೆ ಸೇರಿದರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮಾರ್ಫೀನ್ ಮಾತ್ರ ನೋಡಿ "ಪಾಸ್" ಎಂದು ಬರೆದುಕೊಟ್ಟ ರಿಪೋರ್ಟ್‌ಗಳೆಲ್ಲ ಕಣ್ಣ ಮುಂದೆ ಬಂದವು.

ಎಂಎಸ್ ಇರುವ ಲ್ಯಾಬಿಗೆ ಕಳಿಸೋಣ ಎಂದರೆ ಒಂದು ಸ್ಯಾಂಪಲ್‌ಗೆ ಹತ್ತಿರ ಹತ್ತಿರ ಏಳು ಸಾವಿರ, ವಾರ ಕಾಯಬೇಕು. ನಮ್ಮದೇ ಎಂಎಸ್ ತರಿಸೋಣ ಎಂದರೆ ಒಂದೂವರೆ ಕೋಟಿಯ ಮೇಲೆ. ಬಾಸ್ ನಕ್ಕರು. ಆಗ ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಹತ್ತು ಗ್ರಾಂ ಬೀಜದ ಸಾರ ಕೊನೆಗೆ ಒಂದು ಮಿಲಿಗೆ ಇಳಿದರೆ, ಕೆಜಿಗೆ 1 ಮಿಲಿಗ್ರಾಂ ಇದ್ದದ್ದೂ ವಯಲ್ ಎಂಬ ಪುಟ್ಟ ಬಾಟಲಿಯಲ್ಲಿ 10 ಮೈಕ್ರೋಗ್ರಾಂ ಆಗಿ ಕೂರುತ್ತದೆ. 284 ನ್ಯಾನೋಮೀಟರ್ ಹತ್ತಿರ ಥೀಬೇನ್ ಯುವಿಯಲ್ಲಿ ಮಾರ್ಫೀನ್‌ಗಿಂತ ಎಷ್ಟೋ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಎಂಎಸ್ ಯಾಕೆ? "ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇರುತ್ತಮ್ಮ" ಎಂದರು ಬಾಸ್. ಆದರೆ ಬೇಡ ಎನ್ನಲಿಲ್ಲ.

ಮೊದಲ ಪೆಟ್ಟು ಸ್ಟ್ಯಾಂಡರ್ಡ್‌ನದು, ಅಂದರೆ ಹೋಲಿಸಿ ನೋಡಲು ಬೇಕಾದ ಶುದ್ಧ ಥೀಬೇನ್‌ನದು. ಗಸಗಸೆ ನಮ್ಮಲ್ಲಿ ಕಿರಾಣಿ ಅಂಗಡಿಯ ಮಾಲು, ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯೇ ಗಸಗಸೆ ಗಿಡದ ಬೀಜವನ್ನು ಹೊರಗಿಟ್ಟಿದೆ. ಆದರೆ ಥೀಬೇನ್ ಆ ಕಾಯ್ದೆಯಲ್ಲಿ ಹೆಸರು ಹಿಡಿದು ಬರೆದಿರುವ ವಸ್ತು. ಒಂದು ಮಿಲಿ ಆಂಪೂಲ್, ಒಳಗೆ ಇರುವುದು ಬರೀ ಒಂದು ಮಿಲಿಗ್ರಾಂ, ಅದಕ್ಕೆ ಪತ್ರದ ಮೇಲೆ ಪತ್ರ. ಐದು ತಿಂಗಳಾಯಿತು. ಬೆಲೆ ಹದಿನೈದು ಸಾವಿರದ ಹತ್ತಿರ, ಕಾಗದಪತ್ರದ ಓಡಾಟಕ್ಕೆ ಅಷ್ಟೇ ಖರ್ಚು. ನಮ್ಮ ದೇಶದಲ್ಲೇ ನೀಮಚ್‌ನಲ್ಲಿ, ಘಾಜೀಪುರದಲ್ಲಿ ಸರ್ಕಾರದ ಕಾರ್ಖಾನೆಗಳು ಅಫೀಮಿನಿಂದ ಇದನ್ನು ತೆಗೆಯುತ್ತವೆ, ನಾನು ಇಲ್ಲಿ ಪೀಣ್ಯದಲ್ಲಿ ಕೂತು ಕಣ್ಣಿಗೆ ಕಾಣದಷ್ಟಕ್ಕೆ ಐದು ತಿಂಗಳು ಕಾದೆ. ನಿಯಮ ತಪ್ಪು ಎನ್ನುತ್ತಿಲ್ಲ. ಕಾಯುವುದು ಕಷ್ಟ, ಅಷ್ಟೇ.

ಆಂಪೂಲ್ ಬರುವವರೆಗೆ ಕೈ ಕಟ್ಟಿ ಕೂರಲಿಲ್ಲ. ಬೀಜದ ಸಾರ ತೆಗೆಯುವುದನ್ನು ಸರಿ ಮಾಡಿಕೊಳ್ಳೋಣ ಎಂದು ಹೊರಟೆ, ಅಲ್ಲೇ ಮೊದಲ ಕಾಲಮ್ ಸತ್ತದ್ದು. ಏನು ಮಾಡಿದೆ ಗೊತ್ತಾ? ಗಸಗಸೆಯನ್ನು ಮಿಕ್ಸಿಗೆ ಹಾಕಿದೆ. ಬೇರೆ ಎಲ್ಲಾ ಧಾನ್ಯವನ್ನೂ ಪುಡಿ ಮಾಡಿಯೇ ತಾನೇ ಶುರು ಮಾಡುವುದು. ಗಸಗಸೆಯಲ್ಲಿ ಅರ್ಧಕ್ಕರ್ಧ ಎಣ್ಣೆ. ಮಿಕ್ಸಿಯಲ್ಲಿ ಬೆಣ್ಣೆಯ ಹಾಗೆ ಮುದ್ದೆಯಾಯಿತು, ಸಾರ ಬಿಳಿ ಬಿಳಿ, ಫಿಲ್ಟರ್ ಕಟ್ಟಿತು, ಎರಡನೇ ದಿನಕ್ಕೆ ಪ್ರೆಶರ್ ಮೇಲೇರಿ ಪಂಪ್ ಕೂಗಿಕೊಂಡಿತು. ನಲವತ್ತು ಸಾವಿರದ ಕಾಲಮ್. ಸೀನಿಯರ್ ಸರ್ ಬಂದು ನೋಡಿ ಏನೂ ಹೇಳದೆ ಹೋದರು. ಬೈದಿದ್ದರೆ ವಾಸಿ ಇತ್ತು.

ಅಲ್ಲ, ಯೋಚನೆ ಮಾಡಬೇಕಿತ್ತು ನಾನು. ಅಫೀಮಿನ ಹಾಲು ಇರುವುದು ಕಾಯಿಯ ಗೋಡೆಯಲ್ಲಿ, ಬೀಜದೊಳಗೆ ಅಲ್ಲ. ಕೊಯ್ಯುವಾಗ, ಕಾಯಿ ಒಡೆಯುವಾಗ ಹಾಲು ಮತ್ತು ಕಾಯಿಯ ಪುಡಿ ಬೀಜದ ಮೈಗೆ ಮೆತ್ತಿಕೊಳ್ಳುತ್ತದೆ. ಅಂದಮೇಲೆ ಬೀಜ ಒಡೆದು ಎಣ್ಣೆ ಹೊರಗೆ ತರುವ ಕರ್ಮ ಯಾಕೆ? ಒಡೆಯದೆ ಇಡೀ ಬೀಜವನ್ನೇ ದ್ರಾವಣಕ್ಕೆ ಹಾಕಿದೆ. ಸಾರ ತಿಳಿಯಾಯಿತು. ಯಾವ ದ್ರಾವಣ, ಎಷ್ಟು ಹೊತ್ತು ಎಂದು ಇಲ್ಲಿ ಬರೆಯುವುದಿಲ್ಲ. ಲ್ಯಾಬಿನವರಿಗೆ ಅದು ಗೊತ್ತು, ಬೇರೆಯವರಿಗೆ ಬೇಕಾಗಿಲ್ಲ.

ಇನ್ನೊಂದು ತಲೆನೋವು ಸ್ಯಾಂಪಲಿಂಗ್. ಸ್ಟ್ಯಾಂಡರ್ಡ್ ಬಂದ ಮೇಲೆ ಒಂದೇ ಚೀಲದಿಂದ ಮೂರು ಸಲ ತೆಗೆದು ನೋಡಿದೆ. ಥೀಬೇನ್ ಕೆಜಿಗೆ 8, 19, 11 ಮಿಲಿಗ್ರಾಂ. ಮೆಥಡ್ಡೇ ಕೆಟ್ಟಿದೆ ಎಂದುಕೊಂಡು ಮೂರು ವಾರ ಪೈಪೆಟ್‌ಗಳನ್ನೆಲ್ಲಾ ಕ್ಯಾಲಿಬ್ರೇಟ್ ಮಾಡಿಸಿದೆ. ಕೊನೆಗೆ ನಮ್ಮ ಸ್ಯಾಂಪಲ್ ರೂಮಿನ ಹುಡುಗ ಹೇಳಿದ, "ಮೇಡಂ, ಚೀಲದ ಅಡಿಯಲ್ಲಿ ಧೂಳು ಜಾಸ್ತಿ ಇರುತ್ತೆ, ಅಲ್ವಾ?" ಹೌದಲ್ಲಾ! ಜರಡಿ ಹಿಡಿದು ಧೂಳನ್ನು ಬೇರೆ, ಬೀಜವನ್ನು ಬೇರೆ ಓಡಿಸಿದೆವು. ತೂಕದಲ್ಲಿ ಧೂಳು ನೂರಕ್ಕೆ ಒಂದೂ ಇರಲಿಲ್ಲ, ಆದರೆ ಥೀಬೇನ್‌ನ ಪೀಕ್, ಅಂದರೆ ಗ್ರಾಫಿನಲ್ಲಿ ಏಳುವ ಶಿಖರ, ಮಾತ್ರ ಕಾಗದ ಹರಿದು ಹೋಗುವಷ್ಟು. ಅಂದಿನಿಂದ ಇಡೀ ಕೆಜಿ ಸುರಿದು, ಬೆರೆಸಿ, ನಾಲ್ಕು ಪಾಲು ಮಾಡಿ ತೆಗೆಯುತ್ತೇವೆ. 5 ಗ್ರಾಂ ಅಲ್ಲ, 10 ಗ್ರಾಂ, ಅದೂ ಎರಡು ಸಲ. ಆ ಹುಡುಗನಿಗೆ ಬೇಕರಿಯಿಂದ ಹನಿ ಕೇಕ್ ತಂದುಕೊಟ್ಟೆ. ಗಸಗಸೆ ಬನ್ ಸಿಕ್ಕಿದ್ದರೆ ಅದನ್ನೇ ಕೊಡುತ್ತಿದ್ದೆ.

ಈಗ ಅಸಲಿ ಯುದ್ಧ. ಫಾಸ್ಫೇಟ್ ಬಫರ್, ಪಿಎಚ್ 3, ಎಲ್ಲರ ಮನೆಯಲ್ಲೂ ಇರುವ ಸಿ18 ಕಾಲಮ್. ಮಾರ್ಫೀನ್ ಪರವಾಗಿಲ್ಲ. ಥೀಬೇನ್‌ಗೆ ಮಾತ್ರ ಕೋತಿಯ ಬಾಲ. ಪೀಕ್ ಎಷ್ಟು ಬಾಲ ಎಳೆದಿದೆ ಎನ್ನುವ ಟೇಲಿಂಗ್ 2.3, 2.4; ನೆಟ್ಟಗಿದ್ದರೆ 1. ಬಾಲದ ಮೇಲೆ ಅಫೀಮಿನದೇ ಇನ್ನೊಂದು ವಸ್ತು, ಪಪಾವರಿನ್, ಹತ್ತಿ ಕೂತಿತ್ತು. ಹೆಪ್ಟೇನ್ ಸಲ್ಫೋನೇಟ್ ಎಂಬ ಅಯಾನ್ ಪೇರ್ ಹಾಕಿದೆ. ಬಾಲ ಕಡಿಮೆಯಾಯಿತು, ಆದರೆ ಬೆಳಿಗ್ಗೆ ಮಿಷನ್ ಆನ್ ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೂ ರಿಟೆನ್ಷನ್, ಅಂದರೆ ಪೀಕ್ ಬರುವ ಸಮಯ, ಒಂದು ಕಡೆ ನಿಲ್ಲುತ್ತಿರಲಿಲ್ಲ. ಇವತ್ತು 13 ನಿಮಿಷ, ನಾಳೆ 14.5. ಅಯಾನ್ ಪೇರ್ ಹಾಕಿದ ಕಾಲಮ್ಮನ್ನು ಮತ್ತೆ ಬೇರೆ ಕೆಲಸಕ್ಕೆ ಬಳಸಲೂ ಆಗಲ್ಲ. ಹೀಗೆ ಎರಡನೇ ಕಾಲಮ್ಮೂ ಹೋಯಿತು. ಅದು ಸತ್ತಿರಲಿಲ್ಲ, ಆದರೆ ಯಾರೂ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಭೂತ ಕಾಣಿಸಿಕೊಂಡಿತು. ರಾತ್ರಿಯ ಸೀಕ್ವೆನ್ಸ್ ಹಾಕಿ ಹೋದರೆ ಸಂಜೆ ಏಳರ ಇಂಜೆಕ್ಷನ್‌ನಲ್ಲಿ 100 ಇದ್ದದ್ದು ಬೆಳಗಿನ ಜಾವಕ್ಕೆ 80, 75. ಮಾರ್ಫೀನ್ ಅಲ್ಲೇ ಇದೆ, ಕೋಡೀನ್ ಅಲ್ಲೇ ಇದೆ, ಥೀಬೇನ್ ಮಾತ್ರ ಕರಗಿ ಹೋಗುತ್ತಿದೆ. ಸೀನಿಯರ್ ಸರ್ ಇಂಜೆಕ್ಟರ್ ಸೋರುತ್ತಿದೆ ಎಂದರು. ಸರ್ವಿಸ್ ಇಂಜಿನಿಯರ್ ಬಂದ, ಸೀಲ್ ಬದಲಾಯಿಸಿದ, ಹದಿನೆಂಟು ಸಾವಿರದ ಬಿಲ್ ಕೊಟ್ಟು ಹೋದ. ಆ ರಾತ್ರಿಯೂ ಅದೇ ಕಥೆ. ಸೋರುತ್ತಿದ್ದರೆ ಮೂರೂ ಕಡಿಮೆಯಾಗಬೇಕಲ್ಲ, ಒಂದೇ ಯಾಕೆ?

ಆಗ ನೆನಪಾಯಿತು ಹಳೇ ಕಂಪನಿಯ ಪಾಠ. ಅಲ್ಲಿ ನಮ್ಮ ಹೆಡ್ ಮೇಡಂ ಹೇಳುತ್ತಿದ್ದರು, "ಥೀಬೇನ್‌ಗೆ ಹುಳಿ ಆಗಲ್ಲ ಕಣೇ." ಮಾರ್ಫೀನ್‌ಗೆ ಹೋಲಿಸಿದರೆ ಇದರ ಉಂಗುರದಲ್ಲಿ ಎರಡು ಡಬಲ್ ಬಾಂಡ್ ಪಕ್ಕಪಕ್ಕ ಕೂತಿವೆ. ಅದಕ್ಕೇ ಔಷಧ ಮಾಡುವವರಿಗೆ ಅದು ಇಷ್ಟ, ಬೇಕಾದ ಹಾಗೆ ಬಾಗುತ್ತದೆ. ಅದಕ್ಕೇ ನಮಗೆ ಕಷ್ಟ, ಆಮ್ಲ ಸಿಕ್ಕರೆ, ಬೆಳಕು ಸಿಕ್ಕರೆ ತಾನಾಗಿ ಬೇರೆ ಏನೋ ಆಗಿಬಿಡುತ್ತದೆ. ನಾನು ಮಾಡುತ್ತಿದ್ದದ್ದು ಏನು? ಆಮ್ಲದ ದ್ರಾವಣದಲ್ಲಿ, ಬಿಳಿ ಗಾಜಿನ ವಯಲ್‌ನಲ್ಲಿ, ಕಿಟಕಿಯ ಪಕ್ಕದ ಮಿಷನ್‌ನಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ಆರು ವರ್ಷ ಅದರ ಜೊತೆ ಬದುಕಿದವಳು ನಾನು. ನಾಚಿಕೆಯಾಯಿತು.

ಅಲ್ಲಿಂದ ಎಲ್ಲವನ್ನೂ ತಿರುಗಿಸಿದೆ. ಆಮ್ಲದ ದಾರಿ ಬಿಟ್ಟು ಕ್ಷಾರದ ದಾರಿ. ಹೆಚ್ಚು ಪಿಎಚ್ ತಡೆಯುವ ಹೈಬ್ರಿಡ್ ಕಾಲಮ್ ತರಿಸಿದೆ, ಐವತ್ತೆಂಟು ಸಾವಿರ. ಇಂಡೆಂಟ್ ನೋಡಿ ಬಾಸ್ "ಇದೇ ಕೊನೆ" ಎಂದು ಪೆನ್ಸಿಲ್‌ನಲ್ಲಿ ಪಕ್ಕದಲ್ಲಿ ಬರೆದಿದ್ದರು, ಆ ಕಾಗದ ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಅಮೋನಿಯಂ ಬೈಕಾರ್ಬನೇಟ್, ಅಸಿಟೋನೈಟ್ರೈಲ್, ಗ್ರೇಡಿಯೆಂಟ್. ಮೊದಲ ಇಂಜೆಕ್ಷನ್‌ನಲ್ಲೇ ಥೀಬೇನ್ ಗೂಟ ನೆಟ್ಟ ಹಾಗೆ ನಿಂತಿತು. ಟೇಲಿಂಗ್ 1.1. ಪಪಾವರಿನ್ ದೂರ ಹೋಯಿತು. ಸಂಜೆ ಏಳು ಗಂಟೆ, ಲ್ಯಾಬಿನಲ್ಲಿ ನಾನೊಬ್ಬಳೇ. ಸ್ಕ್ರೀನಿನ ಫೋಟೋ ತೆಗೆದು ಗಂಡನಿಗೆ ಕಳಿಸಿದೆ. "ಇಸಿಜಿ ಯಾರದ್ದು?" ಎಂದು ಕೇಳಿದರು.

ಪಿಎಚ್ ಎಷ್ಟು ಎಂದು ಕೇಳಬೇಡಿ. ಒಂಬತ್ತರ ಮೇಲೆ, ಅಷ್ಟೇ ಹೇಳುತ್ತೇನೆ. ಅರ್ಧ ಆಚೆ ಈಚೆ ಆದರೆ ಕೋಡೀನ್ ಎಲ್ಲಿ ಬರುತ್ತದೆ ಎಂದು ನೀವೇ ನೋಡಿ ಕಲಿಯಿರಿ, ನಾನೂ ಹಾಗೇ ಕಲಿತದ್ದು. ಸಾರ ಶುದ್ಧ ಮಾಡುವ ಕ್ಯಾಟಯಾನ್ ಕಾರ್ಟ್ರಿಜ್‌ನಿಂದ ಇಳಿಸಿದ ಮೇಲೆ ಒಣಗಿಸುವಾಗ ವಯಲ್‌ಗೆ ಹಾಕುವ ಒಂದು ಹನಿ ಇದೆ, ಅದನ್ನೂ ಹೇಳಲ್ಲ. ಅದಿಲ್ಲದೆ ರಿಕವರಿ, ಅಂದರೆ ಹಾಕಿದ ಥೀಬೇನ್‌ನಲ್ಲಿ ನೂರಕ್ಕೆ ಎಷ್ಟು ವಾಪಸ್ ಸಿಗುತ್ತದೆ ಎನ್ನುವುದು, 60ರ ಆಸುಪಾಸು ನಿಂತಿತ್ತು, ಅದು ಬಂದ ಮೇಲೆ 92, 95. ಬಿಸಿ ಜಾಸ್ತಿ ಕೊಡಬೇಡಿ, ಪೂರ್ತಿ ಒಣಗುವವರೆಗೆ ಬಿಡಬೇಡಿ, ಕಂದು ವಯಲ್ ಬಳಸಿ, ಟ್ರೇ ತಣ್ಣಗಿರಲಿ. ಇಷ್ಟನ್ನು ಉಚಿತವಾಗಿ ಕೊಡುತ್ತೇನೆ.

ರಿಕವರಿ ನೋಡಲು ಥೀಬೇನ್ ಇಲ್ಲದ ಗಸಗಸೆ ಬೇಕಲ್ಲ? ಲಕ್ನೋದ ಔಷಧ ಸಸ್ಯಗಳ ಸಂಸ್ಥೆ ಸಿಮ್ಯಾಪ್‌ನವರು ಅಫೀಮೇ ಇಲ್ಲದ "ಸುಜಾತಾ" ಎಂಬ ತಳಿ ಮಾಡಿದ್ದಾರೆ ಎಂದು ಓದಿ ಆಸೆಯಾಯಿತು, ಆದರೆ ಮತ್ತೆ ಪತ್ರ ಬರೆದು ಕಾಯುವ ತಾಳ್ಮೆ ಇರಲಿಲ್ಲ. ಅಂಗಡಿಯ ಗಸಗಸೆಯನ್ನೇ ಮೆಥನಾಲ್‌ನಲ್ಲಿ ಏಳೆಂಟು ಸಲ ತೊಳೆದು ಪೀಕ್ ಕಾಣದ ಹಾಗೆ ಮಾಡಿಕೊಂಡೆ. ಆಡಿಟರ್ ಒಬ್ಬರು ಹುಬ್ಬು ಏರಿಸಿದರು. ಕ್ರೊಮ್ಯಾಟೋಗ್ರಾಂ ತೋರಿಸಿದೆ, ಹುಬ್ಬು ಇಳಿಯಿತು.

ಈ ನಡುವೆ ಮನೆಯಲ್ಲಿ ಒಂದು ಪ್ರಯೋಗ. ನಮ್ಮ ಅತ್ತೆ ಯುಗಾದಿಗೆ ಗಸಗಸೆ ಪಾಯಸ ಮಾಡುತ್ತಾರೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಅಕ್ಕಿ, ಕಾಯಿ, ಏಲಕ್ಕಿ ಜೊತೆ ರುಬ್ಬಿ ಬೆಲ್ಲಕ್ಕೆ ಹಾಕುವುದು. ಕುಡಿದ ಮೇಲೆ ಮಧ್ಯಾಹ್ನ ಎಲ್ಲರಿಗೂ ಗಾಢ ನಿದ್ದೆ. "ಅದು ಗಸಗಸೆಯ ಗುಣ" ಅನ್ನುತ್ತಾರೆ ಅತ್ತೆ. ಹೋಳಿಗೆಯ ಗುಣವೂ ಇರಬಹುದು ಎಂದು ನಾನು. ಅವರ ಡಬ್ಬದಿಂದ ಸ್ವಲ್ಪ ತಂದೆ. "ಏನೇ, ನಮ್ಮನೆ ಗಸಗಸೇನೂ ಮಿಷನ್‌ಗೆ ಹಾಕ್ತೀಯಾ?" ಎಂದರು. ಹಾಕಿದೆ. ಥೀಬೇನ್ ಕೆಜಿಗೆ ಎರಡು ಮಿಲಿಗ್ರಾಂ ಚಿಲ್ಲರೆ. ಒಂದು ಲೋಟ ಪಾಯಸಕ್ಕೆ ಹತ್ತು ಗ್ರಾಂ ಬೀಜ ಎಂದರೂ ಒಂದು ಮಿಲಿಗ್ರಾಂನ ಐವತ್ತನೇ ಒಂದು ಪಾಲು. ಹಬ್ಬ ಮಾಡಿ, ಏನೂ ಆಗಲ್ಲ ಎಂದೆ. ಅತ್ತೆಗೆ ಅದು ಮೊದಲೇ ಗೊತ್ತಿತ್ತು.

ಹುರಿದರೆ ಕಡಿಮೆಯಾಗುತ್ತದಾ ಎಂದೂ ನೋಡಿದೆ. ಅತ್ತೆ ಹುರಿಯುವ ಹದದಲ್ಲಿ, ಘಮ ಬಂದ ಕೂಡಲೇ ಇಳಿಸಿದರೆ, ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಓವನ್‌ನಲ್ಲಿ 200 ಡಿಗ್ರಿಗೆ ಇಟ್ಟರೆ ಅರ್ಧದ ಹತ್ತಿರ ಇಳಿಯಿತು, ಆದರೆ ಆ ಬೀಜ ಕರಕಲು, ಪಾಯಸಕ್ಕೂ ಸಾಗಿಗೂ ಬಾರದು. ಇದನ್ನು ಮೂರೇ ಸಲ ಮಾಡಿದ್ದು, ದೊಡ್ಡ ಸಂಶೋಧನೆ ಅಂತ ತಿಳಿಯಬೇಡಿ. ಹಾಂ, ದುಬೈಗೆ ಹೋಗುವ ನೆಂಟರಿಗೆ ಒಂದು ಮಾತು. ಡಬ್ಬದಲ್ಲಿ ಎಷ್ಟೇ ಕಡಿಮೆ ಇರಲಿ, ಅಲ್ಲಿ ಗಸಗಸೆಯೇ ನಿಷೇಧ. ಮಸಾಲೆ ಪುಡಿಯಲ್ಲಿ ಹಾಕಿದ್ದರೂ ಬಿಟ್ಟು ಹೋಗಿ.

ಲ್ಯಾಬಿನವರು ನನ್ನನ್ನು ನಂಬಿದ್ದು ಯಾವಾಗ ಎಂದರೆ, ಹೋದ ವರ್ಷ ಮಳೆಗಾಲದಲ್ಲಿ ಬಂದ ಒಂದು ಲಾಟ್‌ನಿಂದ. ಬೀಜ ನೋಡಲು ಚೆಂದ, ಮಾರ್ಫೀನ್ ಕೆಜಿಗೆ ಮೂರು ನಾಲ್ಕು, ಯುರೋಪಿನ ಮಿತಿಗೆ ಆರಾಮಾಗಿ ಪಾಸ್. ಅದೇ ಕ್ರೊಮ್ಯಾಟೋಗ್ರಾಂನಲ್ಲಿ ಥೀಬೇನ್ ಗೋಪುರದ ಹಾಗೆ ಎದ್ದು ನಿಂತಿದೆ. ಲೆಕ್ಕ ಹಾಕಿದರೆ ಕೆಜಿಗೆ 36 ಮಿಲಿಗ್ರಾಂ. ನನಗೇ ನಂಬಿಕೆ ಬರಲಿಲ್ಲ. ಮತ್ತೆ ತೂಗಿದೆ, ಮತ್ತೆ ಓಡಿಸಿದೆ, 35. ಸೀನಿಯರ್ ಸರ್ ಬಂದು, "ಮಾರ್ಫೀನ್ ಇಷ್ಟು ಕಡಿಮೆ ಇದ್ದು ಥೀಬೇನ್ ಅಷ್ಟು ಇರೋಕೆ ಸಾಧ್ಯನೇ ಇಲ್ಲ, ಇದು ಬೇರೆ ಏನೋ ಕೋ-ಎಲ್ಯೂಷನ್" ಎಂದರು, ಅಂದರೆ ಬೇರೆ ವಸ್ತು ಅದೇ ಜಾಗಕ್ಕೆ ಬಂದು ಕೂತಿದೆ ಎಂದು.

ಸಾಧ್ಯ ಇದೆ. ಟಾಸ್ಮೇನಿಯಾದಲ್ಲಿ ಔಷಧಕ್ಕೆಂದೇ ಬೆಳೆಯುವ ಒಂದು ಗಸಗಸೆ ತಳಿ ಇದೆ. ಮಾರ್ಫೀನ್ ಕಡೆಗೆ ಹೋಗುವ ದಾರಿಯಲ್ಲೇ ಕೆಲಸ ನಿಂತುಹೋಗಿ ಥೀಬೇನ್ ಮತ್ತು ಅದರ ನೆಂಟ ಓರಿಪಾವಿನ್ ಗುಡ್ಡೆ ಬೀಳುವ ಗಿಡ. 2004ರಲ್ಲೇ ಅದರ ವಿಷಯ ಪ್ರಕಟವಾಗಿದೆ. ಹಳೇ ಕಂಪನಿಯಲ್ಲಿ ಕಚ್ಚಾ ಮಾಲು ಎಲ್ಲಿಂದ ಬರುತ್ತದೆ ಎಂದು ಕುತೂಹಲಕ್ಕೆ ಓದಿದ್ದೆ. ಅಂಥ ಗಿಡದ ಬೀಜ ಎಲ್ಲೋ ದಾರಿ ತಪ್ಪಿ ಮಾಲಿಗೆ ಸೇರಿದರೆ ಹೀಗೇ ಕಾಣುತ್ತದೆ. ಈ ಲಾಟ್ ಎಲ್ಲಿಯದು ಎಂದು ನಾನು ಹೇಳಲಾರೆ, ಚೀಲದ ಮೇಲೆ ಬರೆದದ್ದನ್ನು ನಂಬುವ ಕಾಲ ಅಲ್ಲ ಇದು. ನಮ್ಮ ಮಿಷನ್‌ನ ಯುವಿ ಸ್ಪೆಕ್ಟ್ರಮ್ ಸ್ಟ್ಯಾಂಡರ್ಡ್‌ನ ಸ್ಪೆಕ್ಟ್ರಮ್ ಮೇಲೆ ಅಚ್ಚೊತ್ತಿದ ಹಾಗೆ ಕೂತಿತು, ಆದರೂ ಸರ್ ಒಪ್ಪಲಿಲ್ಲ. ಸರಿ, ಏಳು ಸಾವಿರ ಹೋಗಲಿ ಎಂದು ಎಂಎಸ್ ಲ್ಯಾಬಿಗೆ ಅದೇ ಬೀಜ ಕಳಿಸಿದೆವು. ಹತ್ತು ದಿನ ನನಗೆ ಸರಿಯಾಗಿ ನಿದ್ದೆ ಇಲ್ಲ. ಗಸಗಸೆ ಪಾಯಸವೂ ಕೆಲಸ ಮಾಡಲಿಲ್ಲ.

ಅವರ ರಿಪೋರ್ಟ್ ಬಂತು. 38.

ವ್ಯಾಪಾರಿಗೆ ಫೋನ್ ಮಾಡಿದ್ದು ನಾನೇ. ಮೊದಲು ಸಿಟ್ಟು ಮಾಡಿಕೊಂಡರು, ಯಾರೂ ಕೇಳದ್ದನ್ನು ಯಾಕೆ ನೋಡಿದಿರಿ ಎಂದು. ಆಸ್ಟ್ರೇಲಿಯಾದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಲಾಟ್ ತಡೆಹಿಡಿದೆವು ಎಂದರು. ಈಗ ಪ್ರತಿ ಲಾಟ್‌ಗೂ ಥೀಬೇನ್ ಕೇಳುತ್ತಾರೆ. ಅವರಿಂದ ಇನ್ನಿಬ್ಬರು ಬಂದರು. ನಾವು ತೆಗೆದುಕೊಳ್ಳುವುದು ಎರಡೂವರೆ ಸಾವಿರ. ಕಾರ್ಟ್ರಿಜ್‌ಗೆ ಮುನ್ನೂರು, ಸಾಲ್ವೆಂಟ್, ಕರೆಂಟ್, ಸ್ಟ್ಯಾಂಡರ್ಡ್‌ನ ಪಾಲು ಎಲ್ಲಾ ಸೇರಿ ಏಳುನೂರು ಎಂಟುನೂರು ಖರ್ಚು. ಸತ್ತ ಕಾಲಮ್‌ಗಳ ದುಡ್ಡು, ಸರ್ವಿಸ್ ಬಿಲ್, ಐದು ತಿಂಗಳ ಓಡಾಟ ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಮುಳುಗಿತ್ತು. ದೀಪಾವಳಿ ಹೊತ್ತಿಗೆ ವಾಪಸ್ ಬಂತು. "ಇದೇ ಕೊನೆ" ಎಂದು ಬರೆದಿದ್ದ ಬಾಸ್ ಈಗ ಬಂದವರಿಗೆಲ್ಲ "ನಮ್ಮ ಮೆಥಡ್" ಎನ್ನುತ್ತಾರೆ.

ಆ ಲಾಟ್‌ನ ಕ್ರೊಮ್ಯಾಟೋಗ್ರಾಂನಲ್ಲಿ ಇನ್ನೊಂದು ವಿಷಯ ಇದೆ. ಥೀಬೇನ್‌ಗಿಂತ ಎಷ್ಟೋ ಮೊದಲು, ಮಾರ್ಫೀನ್ ಆದ ಮೇಲೆ, ಒಂದು ಪುಟ್ಟ ಪೀಕ್. ಬೇರೆ ಯಾವ ಗಸಗಸೆಯಲ್ಲೂ ನಾನು ಅದನ್ನು ಕಂಡಿಲ್ಲ. ಪಿಎಚ್ ಸ್ವಲ್ಪ ಬದಲಿಸಿದರೆ ಅದು ಜಾಗ ಬಿಟ್ಟು ಓಡುತ್ತದೆ, ಫೀನಾಲ್ ಇರುವುದು ಮಾಡುವ ಹಾಗೆ. ಓರಿಪಾವಿನ್ ಎಂದು ನನ್ನ ಗುಮಾನಿ. ಅದರ ಸ್ಟ್ಯಾಂಡರ್ಡ್‌ಗೆ ಇಂಡೆಂಟ್ ಬರೆದು ಸೀನಿಯರ್ ಸರ್ ಮೇಜಿನ ಮೇಲೆ ಇಟ್ಟು ಮೂರು ವಾರವಾಯಿತು. ನೆನ್ನೆ ನೋಡಿದೆ, ಅದರ ಮೇಲೆ ಟೀ ಲೋಟ ಇಟ್ಟಿದ್ದಾರೆ.